ಬಡವರ ಪ್ಲಾಟಿನಂ ಮತ್ತು ನನ್ನ ಕೈಗುಣ

ನನ್ನ ಕೈಗುಣವನ್ನು ಒಂದು ಕಾಲದಲ್ಲಿ ದೆಹಲಿಯ ಒಂದು ಇಡೀ ಪ್ರಯೋಗಾಲಯ ಹೊಗಳುತ್ತಿತ್ತು. ಇಡೀ ಪ್ರಯೋಗಾಲಯ ಎಂದರೆ ಒಂಬತ್ತು ಜನ. ಅವರಲ್ಲಿ ಆರು ಜನ ನಮ್ಮ ಪಿಎಚ್‌ಡಿ ಗೈಡ್ ಏನು ಹೇಳಿದರೂ ತಲೆಯಾಡಿಸುವ ಕೋಲೆಬಸವಗಳು, ಇಬ್ಬರು ಬೆಳಿಗ್ಗೆ ಬಂದು ಸಹಿ ಹಾಕಿ ಕ್ಯಾಂಟೀನಿಗೆ ಹೋಗುವವರು, ಉಳಿದವಳು ನಾನು. ಇಂಥವರ ಹೊಗಳಿಕೆಯ ತೂಕ ಎಷ್ಟೆಂದು ನನಗೆ ಆಗಲೇ ತಿಳಿಯಬೇಕಿತ್ತು. ತಿಳಿಯಲಿಲ್ಲ. ಹೊಗಳಿದರೆ ಉಬ್ಬುವುದರಲ್ಲಿ ನಾನು ಯಾರಿಗೂ ಕಡಿಮೆಯಿರಲಿಲ್ಲ.

ದೆಹಲಿಯ ಬಸ್ಸು ಆಟೋಗಳಿಗೆಲ್ಲ ಸಿಎನ್‌ಜಿ ಬಂದು ಮೂರ್ನಾಲ್ಕು ವರ್ಷವಾಗಿತ್ತು. ಇನ್ನು ಮುಂದಿನದು ಹೈಡ್ರೋಜನ್ ಎಂದು ಪತ್ರಿಕೆಯವರು ಬರೆಯುತ್ತಿದ್ದರು, ಮಂತ್ರಿಗಳು ಹೇಳುತ್ತಿದ್ದರು, ಕೊನೆಗೆ ನಮ್ಮ ಗೈಡ್ ಕೂಡ ಹೇಳತೊಡಗಿದರು. ಹದಿನೈದು ವರ್ಷ ಬಟ್ಟೆಗೆ ಹಾಕುವ ಬಣ್ಣಗಳ ಮೇಲೆ ಕೆಲಸ ಮಾಡಿದ್ದ ಮನುಷ್ಯ ಒಂದು ಬೇಸಿಗೆ ರಜೆ ಮುಗಿಸಿ ಬರುವಷ್ಟರಲ್ಲಿ ಹೈಡ್ರೋಜನ್ ತಜ್ಞರಾಗಿದ್ದರು. ಗಾಳಿ ಬಂದಾಗ ತೂರಿಕೊಳ್ಳುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಹೋದಲ್ಲೆಲ್ಲ ಭಾಷಣ ಮಾಡಿ, ಮುಂದೊಂದು ದಿನ ದೆಹಲಿಯ ಆಟೋಗಳು ನಮ್ಮ ಲ್ಯಾಬಿನ ಬಿಳಿ ಪುಡಿಯಿಂದ ಓಡುತ್ತವೆ ಎನ್ನುತ್ತಿದ್ದರು. ನಮ್ಮ ಫ್ಲಾಸ್ಕಿನಿಂದ ಹೊರಡುತ್ತಿದ್ದ ಹೈಡ್ರೋಜನ್‌ನಲ್ಲಿ ಇಂಡಿಯಾ ಗೇಟಿನ ಬಲೂನಿನವನ ಒಂದು ಬಲೂನೂ ತುಂಬುತ್ತಿರಲಿಲ್ಲ.

ಕೆಲಸ ಏನೆಂದು ಹೇಳಿಬಿಡುತ್ತೇನೆ, ಅದರಲ್ಲಿ ಗುಟ್ಟೇನೂ ಇಲ್ಲ. ಕಾಳುಮೆಣಸಿನ ಖಾರದ ಅಂಶವನ್ನು ಒಡೆದರೆ ಪಿಪೆರಿಡೀನ್ ಎಂಬ ದ್ರವ ಸಿಗುತ್ತದೆ. ಐದು ಇಂಗಾಲ, ಒಂದು ಸಾರಜನಕ ಕೈಕೈ ಹಿಡಿದು ನಿಂತ ಉಂಗುರ ಅದು. ವಾಸನೆ ಮಾತ್ರ ಮೆಣಸಿನ ಸಾರಿನದಲ್ಲ, ಕೆಟ್ಟ ಮೀನಿನದು. ಆ ಉಂಗುರದ ಸಾರಜನಕಕ್ಕೆ ಬೋರಾನ್, ಹೈಡ್ರೋಜನ್ ಕೂಡಿದ ಬೋರೇನನ್ನು ಅಂಟಿಸಿದರೆ ಬಿಳಿಯ ಪುಡಿಯಾಗುತ್ತದೆ. ಪುಡಿಯಲ್ಲಿ ಹೈಡ್ರೋಜನ್ ಎರಡು ಕಡೆ ಕೂತಿರುತ್ತದೆ, ಸಾರಜನಕದ ಮೇಲೊಂದು, ಬೋರಾನ್ ಮೇಲೆ ಮೂರು. ಈ ಕಡೆಯಿಂದೊಂದು, ಆ ಕಡೆಯಿಂದೊಂದು ಎದ್ದು ಬಂದು ಜೋಡಿಯಾದರೆ ಹೈಡ್ರೋಜನ್ ಅನಿಲ ಹೊರಬೀಳುತ್ತದೆ. ಆದರೆ ಅವು ತಾವಾಗಿ ಏಳುವುದಿಲ್ಲ. ಹೆಣ್ಣಿನ ಕಡೆಯವರಿಗೂ ಗಂಡಿನ ಕಡೆಯವರಿಗೂ ನಡುವೆ ಒಬ್ಬ ಮಧ್ಯಸ್ಥ ಬೇಕಾದ ಹಾಗೆ, ಅವಕ್ಕೊಂದು ಲೋಹ ಬೇಕು. ಪಲ್ಲೇಡಿಯಂ, ರೋಡಿಯಂ, ಪ್ಲಾಟಿನಂನಂಥ ದುಬಾರಿ ಲೋಹಗಳು ಚಿಟಿಕೆಯಷ್ಟಿದ್ದರೂ ಈ ಕೆಲಸ ಮಾಡುತ್ತವೆ ಎಂದು ಹೊರದೇಶದವರು ಆಗಲೇ ತೋರಿಸಿಬಿಟ್ಟಿದ್ದರು. ಅದನ್ನೇ ಕಬ್ಬಿಣದಿಂದ ಮಾಡಿಸಿದರೆ ಹೆಸರಾಗುತ್ತದೆ ಎಂಬುದು ನಮ್ಮ ಗೈಡ್ ಕಂಡ ಕನಸು. ಕಬ್ಬಿಣವನ್ನು ಅವರು ‘ಗರೀಬೋಂ ಕಾ ಪ್ಲಾಟಿನಂ’ ಎನ್ನುತ್ತಿದ್ದರು, ಬಡವರ ಪ್ಲಾಟಿನಂ. ಬಡವರು ಎಂದರೆ ಯಾರು ಎಂದು ಅವರಿಗೆ ಆಫೀಸಿನ ಕಿಟಕಿಯಿಂದ ಕಂಡಷ್ಟೇ ಗೊತ್ತಿತ್ತು.

ಪ್ರಯೋಗ ಸರಳ. ಫ್ಲಾಸ್ಕಿಗೆ ದ್ರಾವಕ, ಬಿಳಿ ಪುಡಿ, ಚಿಟಿಕೆ ಕಬ್ಬಿಣದ ಲವಣ ಹಾಕಿ, ಕೆಳಗಿನಿಂದ ಅಯಸ್ಕಾಂತದ ಯಂತ್ರ ತಿರುಗಿಸುವುದು. ಫ್ಲಾಸ್ಕಿನೊಳಗೆ ಮಾತ್ರೆಯ ಆಕಾರದ ಒಂದು ಸಣ್ಣ ಅಯಸ್ಕಾಂತ ಬಿದ್ದಿರುತ್ತದೆ, ಮೇಲೆ ಬಿಳಿಯ ಪ್ಲಾಸ್ಟಿಕ್ ಕವಚ. ಯಂತ್ರದ ಜೊತೆ ಅದೂ ಗಿರಗಿರ ತಿರುಗಿ ದ್ರವವನ್ನು ಕಲಕುತ್ತದೆ. ಇದನ್ನು ನಾವು ಬೀಡ್ ಎನ್ನುತ್ತಿದ್ದೆವು. ಹೊರಟ ಅನಿಲ ಕೊಳವೆಯಲ್ಲಿ ಹೋಗಿ, ಗೆರೆ ಹಾಕಿದ ಗಾಜಿನ ನಳಿಗೆಯ ನೀರನ್ನು ಕೆಳಗೆ ತಳ್ಳುತ್ತದೆ. ನೀರು ಇಳಿದರೆ ಹೈಡ್ರೋಜನ್ ಬಂತು, ಇಳಿಯದಿದ್ದರೆ ಇಲ್ಲ. ಇಷ್ಟಕ್ಕೆ ಯಾವ ಕೈಗುಣವೂ ಬೇಕಿರಲಿಲ್ಲ.

ಆದರೆ ನಮ್ಮ ಲ್ಯಾಬಿನಲ್ಲಿ ಒಂದು ಪದ್ಧತಿ ಇತ್ತು. ಸೀನಿಯರ್ ಒಬ್ಬ ಥೀಸಿಸ್ ಕೊಟ್ಟು ಹೊರಡುವಾಗ ತನಗೆ ಚೆನ್ನಾಗಿ ನಡೆದ ಬೀಡನ್ನು ಜೂನಿಯರ್ ಕೈಗಿಟ್ಟು ಹೋಗುತ್ತಿದ್ದ. ಅದಕ್ಕೆ ಲಕ್ಕಿ ಬೀಡ್ ಎಂದು ಹೆಸರು. ನನ್ನದು ಪಲ್ಲೇಡಿಯಂ ಹಾಕಿ ನಾಲ್ಕು ವರ್ಷ ಬೇರೆ ಏನನ್ನೋ ಜೋಡಿಸುತ್ತಿದ್ದ, ನಂತರ ಜರ್ಮನಿಗೆ ಹೋದ ಸೀನಿಯರ್ ಕೊಟ್ಟಿದ್ದು. ಅವನ ಕೈಯಲ್ಲಿ ಯಾವ ಪ್ರಯೋಗವೂ ಸೋತಿರಲಿಲ್ಲವಂತೆ. ಬೀಡ್ ಬಿಳಿ ಬಣ್ಣ ಬಿಟ್ಟು ಎಂದೋ ಬೂದು ಬಣ್ಣಕ್ಕೆ ತಿರುಗಿತ್ತು, ಒಂದು ತುದಿ ಕಪ್ಪಾಗಿತ್ತು, ಮೈತುಂಬ ಗೀರು. ಅದು ಅನುಭವದ ಗುರುತು ಎಂದು ನಾವು ಹೇಳಿಕೊಳ್ಳುತ್ತಿದ್ದೆವು. ಸೆಪ್ಟೆಂಬರಿನಲ್ಲಿ ವಿಶ್ವಕರ್ಮ ಪೂಜೆಯ ದಿನ ಪಂಪು ಯಂತ್ರಗಳಿಗೆಲ್ಲ ಚೆಂಡುಹೂವಿನ ಮಾಲೆ ಬೀಳುತ್ತಿತ್ತು. ಲಕ್ಕಿ ಬೀಡುಗಳನ್ನು ಗಾಜಿನ ತಟ್ಟೆಯಲ್ಲಿಟ್ಟು ಕುಂಕುಮ ಹಚ್ಚುತ್ತಿದ್ದರು. ಆ ಕುಂಕುಮವನ್ನು ನಾನೇ ಮನೆಯಿಂದ ತರುತ್ತಿದ್ದೆ, ತಂದು ದೂರ ನಿಂತು ನಗುತ್ತಿದ್ದೆ. ನಾನು ವಿಜ್ಞಾನದವಳು, ಇದೆಲ್ಲ ಮೂಢನಂಬಿಕೆ ಎಂಬ ನಗು. ಮರುದಿನ ಅದೇ ಬೀಡನ್ನು ಒರೆಸಿ ಫ್ಲಾಸ್ಕಿಗೆ ಹಾಕುತ್ತಿದ್ದೆ.

ಬೀಡನ್ನು ಸರಿಯಾಗಿ ತೊಳೆಯುವ ಕ್ರಮ ಎಲ್ಲ ಪುಸ್ತಕಗಳಲ್ಲೂ ಇದೆ. ಮೂರು ಪಾಲು ಹೈಡ್ರೋಕ್ಲೋರಿಕ್, ಒಂದು ಪಾಲು ನೈಟ್ರಿಕ್ ಆಮ್ಲ ಬೆರೆಸಿ ಅದರಲ್ಲಿ ನೆನೆಹಾಕಬೇಕು. ಚಿನ್ನವನ್ನೂ ಕರಗಿಸುವ ಆ ಮಿಶ್ರಣ ಬೀಡಿನ ಗೀರುಗಳಲ್ಲಿ ಕೂತ ಹಳೆಯ ಲೋಹವನ್ನು ತೆಗೆಯುತ್ತದೆ. ಅದರ ಹೊಗೆ ವಿಷ, ಹಾಗಾಗಿ ಹೊಗೆ ಎಳೆಯುವ ಗೂಡಿನೊಳಗೇ ಮಾಡಬೇಕು. ನಮ್ಮ ಗೂಡಿನ ಫ್ಯಾನು ಕೆಟ್ಟು ಮೂರು ವರ್ಷವಾಗಿತ್ತು. ರಿಪೇರಿಯ ಫೈಲು ಮೂರು ಮೇಜು ದಾಟಿ ನಾಲ್ಕನೆಯದರಲ್ಲಿ ಮಲಗಿತ್ತು. ಆದ್ದರಿಂದ ನಾವು ಬೀಡನ್ನು ಅಸಿಟೋನ್ ದ್ರಾವಕದಲ್ಲಿ ಜಾಲಾಡಿಸಿ ಒಣಗಿಸಿ ಇಡುತ್ತಿದ್ದೆವು, ಅಷ್ಟೇ.

ಕಬ್ಬಿಣ ಹಾಕಿದ ಮೊದಲ ದಿನವೇ ನನ್ನ ಫ್ಲಾಸ್ಕಿನಲ್ಲಿ ಗುಳ್ಳೆ ಎದ್ದವು. ನಳಿಗೆಯ ನೀರು ಸರಸರ ಇಳಿಯಿತು. ಗೈಡ್ ಬಂದು ನೋಡಿ ನನ್ನ ತಲೆ ಮೇಲೆ ಕೈಯಿಟ್ಟು, ಬೇಟಿ, ನಿನ್ನ ಕೈಯಲ್ಲಿ ಜಾದೂ ಇದೆ ಎಂದರು. ಮತ್ತೆ ಮತ್ತೆ ಮಾಡಿದೆ, ಮತ್ತೆ ಮತ್ತೆ ಇಳಿಯಿತು. ಕಬ್ಬಿಣ ಹಾಕದೆ ಒಮ್ಮೆ ಮಾಡಿ ನೋಡಬೇಕಲ್ಲ, ಅದನ್ನೂ ಮಾಡಿದೆ. ಇದನ್ನು ಖಾಲಿ ಪ್ರಯೋಗ ಎನ್ನುತ್ತಾರೆ. ಏನೂ ಆಗಬಾರದು ಎಂದು ತೋರಿಸುವುದೇ ಅದರ ಕೆಲಸ. ಏನೂ ಆಗಬಾರದ ಪ್ರಯೋಗಕ್ಕೆ ಲಕ್ಕಿ ಬೀಡ್ ಯಾಕೆ ದಂಡ ಮಾಡಲಿ ಎಂದು ಡಬ್ಬಿಯಿಂದ ಯಾವುದೋ ಒಂದು ಸಾದಾ ಬೀಡ್ ಹಾಕಿದೆ. ಏನೂ ಆಗಲಿಲ್ಲ. ಸೊನ್ನೆ ಎಂದು ನೋಟ್‌ಬುಕ್ಕಿನಲ್ಲಿ ಬರೆದೆ.

ನಾನು ಆವರೆಗೆ ಕಲಿತ ವಿಜ್ಞಾನವೆಲ್ಲ ಆ ಒಂದು ಗಳಿಗೆಯಲ್ಲಿ ಎಲ್ಲಿಗೆ ಹೋಗಿತ್ತೋ. ಅದೃಷ್ಟದಲ್ಲಿ ನಂಬಿಕೆಯಿಲ್ಲದ ನಾನು ಅದೃಷ್ಟವನ್ನು ಉಳಿತಾಯ ಮಾಡಿದ್ದೆ.

ಪೇಪರ್ ಅಚ್ಚಾಯಿತು. ಗೈಡ್ ಸಿಹಿ ಹಂಚಿದರು. ಆರ್.ಕೆ.ಪುರಂನ ನಮ್ಮ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಮಾತ್ರ ಯಾರಿಗೂ ಏನೂ ಅನ್ನಿಸಲಿಲ್ಲ. ಅಪ್ಪ ಒಂದು ಮಂತ್ರಾಲಯದಲ್ಲಿ ಸೆಕ್ಷನ್ ಆಫೀಸರ್. ಅವರ ಪ್ರಕಾರ ಮನುಷ್ಯರಲ್ಲಿ ಎರಡೇ ಜಾತಿ, ಐಎಎಸ್ ಪಾಸಾದವರು ಮತ್ತು ಉಳಿದವರು. ತಮ್ಮ ಆಗ ಕೋಚಿಂಗ್ ಸೆಂಟರುಗಳ ಮುಖರ್ಜಿ ನಗರದ ಒಂದು ಕೋಣೆಯಲ್ಲಿ ಬಿದ್ದುಕೊಂಡು ಮೂರನೇ ಸಲ ಆ ಪರೀಕ್ಷೆಗೆ ಓದುತ್ತಿದ್ದ. ಎರಡು ಸಲ ಫೇಲಾದ ಅವನ ಬಗ್ಗೆ ಮನೆಯಲ್ಲಿದ್ದ ಗೌರವ ಅಚ್ಚಾದ ಪೇಪರಿನ ಬಗ್ಗೆ ಇರಲಿಲ್ಲ. ಅಪ್ಪ ಅದನ್ನು ತಿರುಗಿಸಿ ನೋಡಿ, ಇದರಲ್ಲಿ ನಿನ್ನ ಹೆಸರು ಎರಡನೆಯದಾಗಿ ಯಾಕಿದೆ ಎಂದು ಕೇಳಿದರು. ನನಗೆ ಉರಿಯಿತು. ಆ ಉರಿಗೇ ಇರಬೇಕು, ಲ್ಯಾಬಿನ ಹೊಗಳಿಕೆಗೆ ನಾನು ಇನ್ನಷ್ಟು ಜೋತುಬಿದ್ದೆ.

ಇಷ್ಟರಲ್ಲಿ ಆ ಹುಡುಗಿ ಬಂದಳು. ಚಳ್ಳಕೆರೆಯವಳು, ತಂದೆ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರು. ಪಿಎಚ್‌ಡಿಗೆ ಸೇರಿದ್ದಳು. ಬಂದ ಮೊದಲ ದಿನ ನಾನು ಫೋನಿನಲ್ಲಿ ಅಮ್ಮನ ಜೊತೆ ಕನ್ನಡ ಮಾತಾಡುವುದು ಕೇಳಿಸಿಕೊಂಡು, ಅಕ್ಕ ಎಂದು ಬೆನ್ನು ಹತ್ತಿದಳು. ನನಗೆ ಅವಳನ್ನು ಕಂಡರೆ ತಾತ್ಸಾರ. ಅವಳ ಹಿಂದಿಯಲ್ಲಿ ಬಸ್ ಗಂಡಾಗುತ್ತಿತ್ತು, ಚಹಾ ಕೂಡ ಗಂಡಾಗುತ್ತಿತ್ತು, ಆಟೋದವನು ಕೇಳಿದಷ್ಟು ಕೊಟ್ಟು ಬರುತ್ತಿದ್ದಳು. ಒಂದು ಫ್ಲಾಸ್ಕನ್ನು ಮೂರು ಸಲ ತೊಳೆಯುತ್ತಿದ್ದಳು. ಪ್ರತಿ ಬಾಟಲಿಗೂ ತಾರೀಖು ಬರೆದ ಚೀಟಿ ಅಂಟಿಸುತ್ತಿದ್ದಳು. ಲ್ಯಾಬಿನ ಬೀಡುಗಳ ಡಬ್ಬಿ ತೆರೆದು ನೋಡಿ, ಬೇಡ ಅಕ್ಕ, ಇವುಗಳಲ್ಲಿ ಯಾರ್ಯಾರು ಏನೇನು ಮಾಡಿದಾರೋ ಎಂದು, ಹಳೇ ದೆಹಲಿಯ ತಿಲಕ್ ಬಜಾರಿಗೆ ಬಸ್ಸಿನಲ್ಲಿ ಹೋಗಿ ತನ್ನ ದುಡ್ಡಿನಲ್ಲಿ ಒಂದು ಪೆಟ್ಟಿಗೆ ಹೊಸ ಬೀಡ್ ತಂದಳು. ಇದನ್ನು ಹೇಳಿಕೊಂಡು ನಾವೆಲ್ಲ ಒಂದು ವಾರ ನಕ್ಕೆವು. ಮಡಿಯ ಹುಡುಗಿ ಎಂದು ನಾನೇ ಹೆಸರಿಟ್ಟೆ, ಹಿಂದಿಯವರಿಗೆ ಮಡಿ ಎಂದರೇನೆಂದು ಬಿಡಿಸಿ ಹೇಳಿದೆ ಕೂಡ.

ಅವಳ ಕೆಲಸ ಉಂಗುರವನ್ನು ಚಿಕ್ಕದು ದೊಡ್ಡದು ಮಾಡಿದರೆ ಹೈಡ್ರೋಜನ್ ಎಷ್ಟು ಬೇಗ ಬರುತ್ತದೆಂದು ನೋಡುವುದು. ಅದಕ್ಕೆ ಮೊದಲು ನನ್ನ ಪ್ರಯೋಗವನ್ನು ಒಮ್ಮೆ ಮಾಡಿ ತೋರಿಸಬೇಕಿತ್ತು. ಮಾಡಿದಳು. ಗುಳ್ಳೆ ಬರಲಿಲ್ಲ. ಕಬ್ಬಿಣದ ಬಾಟಲಿ ಬದಲಿಸಿದಳು, ದ್ರಾವಕವನ್ನು ಮತ್ತೆ ಬಟ್ಟಿ ಇಳಿಸಿದಳು, ಬಿಳಿ ಪುಡಿಯನ್ನು ಹೊಸದಾಗಿ ಮಾಡಿಕೊಂಡಳು. ಎಂಟು ತಿಂಗಳು ಆ ನಳಿಗೆಯ ನೀರು ಒಂದು ಗೆರೆ ಇಳಿಯಲಿಲ್ಲ. ಪೂನಾದ ಕಡೆಯ ಯಾವುದೋ ಲ್ಯಾಬಿನವರೂ ತಮಗೆ ಬರುತ್ತಿಲ್ಲ ಎಂದು ಕಾಗದ ಬರೆದರು. ಇದು ಸೂಕ್ಷ್ಮ ಕೈಚಳಕದ ಕೆಲಸ, ಅಭ್ಯಾಸ ಬೇಕು ಎಂದು ಗೈಡ್ ನನ್ನಿಂದ ಉತ್ತರ ಬರೆಸಿದರು. ನಾನು ಸಂತೋಷದಿಂದ ಬರೆದೆ.

ಹುಡುಗಿಗೆ ಕೈಗುಣವಿಲ್ಲ ಎಂಬುದು ಅಷ್ಟು ಹೊತ್ತಿಗೆ ತೀರ್ಮಾನವಾಗಿತ್ತು. ಫೆಬ್ರವರಿಯಲ್ಲಿ ಅವಳ ಪರಿಶೀಲನೆ. ಹೊರಗಿನ ಮೂವರು ಪ್ರೊಫೆಸರರ ಸಮಿತಿ ಬಂದು, ಅವಳು ಮುಂದುವರಿಯಬೇಕೋ ಬೇಡವೋ ಹೇಳುತ್ತಿತ್ತು. ಗುಳ್ಳೆ ತೋರಿಸದಿದ್ದರೆ ಮನೆಗೆ ಹೋಗು ಎಂದು ಗೈಡ್ ಎಲ್ಲರೆದುರಿಗೇ ಹೇಳಿದ್ದರು. ಮನೆಗೆ ಹೋದರೆ ಮದುವೆ ಮಾಡಿ ಮುಗಿಸುತ್ತಾರೆ ಎಂದು ಅವಳು ನನ್ನೊಬ್ಬಳಿಗೇ ಹೇಳಿದ್ದಳು. ಅಳುತ್ತ ಹೇಳಲಿಲ್ಲ, ಫ್ಲಾಸ್ಕ್ ತೊಳೆಯುತ್ತ ಹೇಳಿದಳು.

ಅಮ್ಮನಿಗೆ ಅವಳ ಮೇಲೆ ಪ್ರೀತಿ. ಹಾಸ್ಟೆಲಿನ ಮೂಲಂಗಿ ಪರಾಠ ತಿಂದು ಸೊರಗಿದ್ದಾಳೆಂದು ಭಾನುವಾರ ಊಟಕ್ಕೆ ಕರೆಯುತ್ತಿದ್ದರು. ಜನವರಿಯ ಒಂದು ಭಾನುವಾರ, ಹೊರಗೆ ಮಂಜು ಮುಸುಕಿ ಎದುರಿನ ಬ್ಲಾಕು ಕಾಣುತ್ತಿರಲಿಲ್ಲ. ಅಮ್ಮ ಮೊಸರನ್ನ ಬಡಿಸಿದರು. ಆ ಚಳಿಯಲ್ಲಿ ಕಾಲೊನಿಯ ಯಾರ ಮನೆಯಲ್ಲೂ ಮೊಸರು ಹೆಪ್ಪುಗಟ್ಟುತ್ತಿರಲಿಲ್ಲ, ಅಮ್ಮನದು ಮಾತ್ರ ಕತ್ತರಿಸುವ ಹಾಗಿರುತ್ತಿತ್ತು. ಪಕ್ಕದ ಮನೆಯ ಪಂಜಾಬಿ ಆಂಟಿ ಆಗಾಗ ಬಂದು ಅದನ್ನು ಮುಟ್ಟಿ ನೋಡಿ ಹೋಗುತ್ತಿದ್ದರು. ಹುಡುಗಿ ಅಮ್ಮನಿಗೆ, ನಿಮ್ಮ ಕೈಗುಣ ಚೆನ್ನಾಗಿದೆ ಆಂಟಿ, ನನಗೇ ಇಲ್ಲ ಎಂದಳು.

ಅಮ್ಮ ನಕ್ಕರು. “ಕೈಗುಣ ಎಲ್ಲಿಂದ ಬಂತು? ಆ ಮಣ್ಣಿನ ಕುಡಿಕೆಯನ್ನ ನಾನು ಸೋಪು ಹಾಕಿ ಉಜ್ಜೋದೇ ಇಲ್ಲ. ಬರೀ ನೀರಲ್ಲಿ ತೊಳೀತೀನಿ. ಹಳೇ ಹೆಪ್ಪು ಅದರ ಮೈಯಲ್ಲೇ ಇರತ್ತೆ.”

ಹುಡುಗಿಯ ಕೈಯ ತುತ್ತು ಅಲ್ಲೇ ನಿಂತಿತು. ನನ್ನ ಮುಖ ನೋಡಿದಳು. ಉಳಿದ ಊಟವನ್ನು ಬೇಗ ಬೇಗ ಮುಗಿಸಿದಳು.

ಸೋಮವಾರ ಬೆಳಿಗ್ಗೆ, ನಿಮ್ಮ ಲಕ್ಕಿ ಬೀಡ್ ಒಂದು ದಿನಕ್ಕೆ ಕೊಡಿ ಎಂದು ಕೇಳಿದಳು. ಕೊನೆಗೂ ದಾರಿಗೆ ಬಂದಳು ಎಂದು ನನಗೆ ಒಳಗೇ ಖುಷಿ. ದೊಡ್ಡ ಮನಸ್ಸು ಮಾಡಿ ಕೊಟ್ಟೆ. ಮಧ್ಯಾಹ್ನ ಊಟದ ಹೊತ್ತಿಗೆ ಎಲ್ಲರೂ ಹೊರಗೆ ಬಿಸಿಲಿಗೆ ಹೋಗಿದ್ದಾಗ ನನ್ನನ್ನು ತನ್ನ ಮೇಜಿನ ಹತ್ತಿರ ಕರೆದಳು. ಫ್ಲಾಸ್ಕಿನಲ್ಲಿ ಗುಳ್ಳೆಗಳು ಧಾರಾಳವಾಗಿ ಏಳುತ್ತಿದ್ದವು, ನಳಿಗೆಯ ನೀರು ಸರಸರ ಇಳಿಯುತ್ತಿತ್ತು. ನೋಡು, ಬಂತಲ್ಲ ಎಂದೆ ನಾನು.

“ಇದರಲ್ಲಿ ಕಬ್ಬಿಣ ಹಾಕಿಲ್ಲ ಅಕ್ಕ,” ಎಂದಳು.

ಸುಳ್ಳು ಹೇಳುತ್ತಿದ್ದಾಳೆ ಅನ್ನಿಸಿತು, ಅವಳು ಸುಳ್ಳು ಹೇಳುವವಳಲ್ಲ ಎಂಬುದೂ ಗೊತ್ತಿತ್ತು. ಅವಳು ಮೆಲ್ಲಗೆ ಬಿಡಿಸಿ ಹೇಳಿದಳು. ಜರ್ಮನಿಗೆ ಹೋದ ಸೀನಿಯರ್ ನಾಲ್ಕು ವರ್ಷ ಹಾಕಿದ ಪಲ್ಲೇಡಿಯಂ ಬೀಡಿನ ಗೀರುಗಳಲ್ಲೇ ಕೂತಿದೆ, ಕೆಲಸವೆಲ್ಲ ಅದರದು. ಕಬ್ಬಿಣ ಬರೀ ನೋಡುತ್ತ ನಿಂತಿತ್ತು. ನನ್ನ ಖಾಲಿ ಪ್ರಯೋಗ ಯಾವ ಬೀಡಿನಲ್ಲಿ ಮಾಡಿದ್ದೆಂದು ಕೇಳಿದಳು. ನೆನಪಿಲ್ಲ ಎಂದೆ. ನೆನಪಿತ್ತು.

ಈಗ ಏನು ಮಾಡುತ್ತೀ ಎಂದು ಕೇಳಿದೆ. ಸಮಿತಿಯ ಮುಂದೆ ಇದನ್ನೇ ಮಾಡಿ ತೋರಿಸುತ್ತೇನೆ ಎಂದಳು. ಗೈಡಿಗೆ ಮೊದಲೇ ಹೇಳಿದರೆ ಮಾಡಲು ಬಿಡುವುದಿಲ್ಲ. ಯಾರದೂ ತಪ್ಪಿಲ್ಲ, ಪೇಪರಿಗೆ ಒಂದು ತಿದ್ದುಪಡಿ ಕಳಿಸಿದರೆ ಆಯಿತು, ನಿಮ್ಮ ಥೀಸಿಸ್‌ನಲ್ಲೂ ಒಂದು ಅಧ್ಯಾಯ ಬದಲಿಸಿದರೆ ಸಾಕು ಅಕ್ಕ ಎಂದಳು. ಒಂದು ಅಧ್ಯಾಯವಂತೆ. ನನ್ನ ಥೀಸಿಸ್‌ನಲ್ಲಿ ಇದ್ದದ್ದೇ ಅದು, ಉಳಿದದ್ದು ಹೊಟ್ಟು. ಅದನ್ನು ಕೊಡಲು ಮೂರು ತಿಂಗಳಿತ್ತು. ಮೊದಲು ನಿನ್ನ ಪರಿಶೀಲನೆ ಮುಗಿಯಲಿ, ಈ ಬೀಡನ್ನೇ ಹಾಕಿ ಕಬ್ಬಿಣದಿಂದ ಬಂತು ಅಂತ ತೋರಿಸಿ ಪಾಸಾಗು, ಆಮೇಲೆ ನೋಡೋಣ ಎಂದೆ. ಅವಳು ತಲೆಯಾಡಿಸಿದಳು, ಆಗಲ್ಲ ಎಂದು. ವಾದ ಮಾಡಲಿಲ್ಲ. ಬೀಡನ್ನು ಅಸಿಟೋನಿನಲ್ಲಿ ತೊಳೆದು, ಒರೆಸಿ, ನನ್ನ ಡ್ರಾಯರಿನ ಗಾಜಿನ ತಟ್ಟೆಯಲ್ಲಿ ತಂದಿಟ್ಟಳು. ಅದು ನನ್ನದಲ್ಲವೇ, ಕಡ ತಂದದ್ದನ್ನು ಹಿಂದಿರುಗಿಸಬೇಕು ಎಂಬಷ್ಟು ಮರ್ಯಾದೆಯ ಹುಡುಗಿ. ಪರಿಶೀಲನೆಯ ದಿನ ಮತ್ತೆ ಕೊಡಿ ಅಕ್ಕ ಎಂದು ಹೇಳಿ ಹೋದಳು.

ಮೂರು ವಾರ ಆ ಬೀಡ್ ನನ್ನ ಡ್ರಾಯರಿನಲ್ಲಿತ್ತು. ದಿನಾ ತೆಗೆದು ನೋಡುತ್ತಿದ್ದೆ. ನನ್ನ ಕೈಗುಣ ಎಂದು ನಾನು ತಲೆ ಮೇಲೆ ಹೊತ್ತು ತಿರುಗಿದ್ದು ಉಗುರಿನಷ್ಟು ಕೊಳಕು ಎಂದು ಗೊತ್ತಾದ ಮೇಲೆ ನನಗೆ ಸಿಟ್ಟು ಬಂದದ್ದು ಗೈಡ್ ಮೇಲಲ್ಲ, ಸೀನಿಯರ್ ಮೇಲಲ್ಲ, ಆ ಚಳ್ಳಕೆರೆಯ ಹುಡುಗಿಯ ಮೇಲೆ. ಹಿಂದಿಯಲ್ಲಿ ಒಂದು ವಾಕ್ಯ ಸರಿಯಾಗಿ ಆಡಲು ಬಾರದವಳು ಎಂದು ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದೆ. ಹಿಂದಿಗೂ ಪಲ್ಲೇಡಿಯಂಗೂ ಏನು ಸಂಬಂಧ? ಆದರೆ ಬೈಯಲು ಬೇರೆ ಏನೂ ಸಿಗುತ್ತಿರಲಿಲ್ಲ.

ಪರಿಶೀಲನೆಯ ಹಿಂದಿನ ದಿನ ಮಧ್ಯಾಹ್ನ, ಉಳಿದವರು ಕೆಳಗೆ ಹುಲ್ಲಿನ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದಾಗ, ನಾನು ಎರಡು ಆಮ್ಲದ ಬಾಟಲಿ, ಒಂದು ಬೀಕರ್ ತೆಗೆದುಕೊಂಡು ತಾರಸಿಗೆ ಹೋದೆ. ನೀರಿನ ಟ್ಯಾಂಕಿನ ಹಿಂದೆ ಕೂತು ಮೂರು ಪಾಲು, ಒಂದು ಪಾಲು ಅಳೆದೆ. ಬೀಡನ್ನು ಹಾಕಿದೆ. ಕಿತ್ತಳೆ ಬಣ್ಣದ ಹೊಗೆ ಎದ್ದು ಗಾಳಿಗೆ ಆ ಕಡೆ ಹೋಯಿತು. ದ್ರವ ಮೊದಲು ಹಳದಿಯಾಯಿತು, ಆಮೇಲೆ ಕಂದು. ಮುಕ್ಕಾಲು ಗಂಟೆ ಕಾದೆ. ತೆಗೆದು ನೀರಿನಲ್ಲಿ, ಮತ್ತೆ ನೀರಿನಲ್ಲಿ, ಕೊನೆಗೆ ಅಸಿಟೋನಿನಲ್ಲಿ ತೊಳೆದೆ. ಆ ಲ್ಯಾಬಿನಲ್ಲಿ ಕಳೆದ ಐದು ವರ್ಷಗಳಲ್ಲಿ ಪುಸ್ತಕದಲ್ಲಿ ಹೇಳಿದ ಹಾಗೆ ಒಂದು ಬೀಡನ್ನು ನಾನು ತೊಳೆದದ್ದು ಅದೊಂದೇ ಸಲ. ಕೆಳಗಿಳಿಯುವಾಗ, ನಾನೇನೂ ತಪ್ಪು ಮಾಡಿಲ್ಲ, ಸ್ವಚ್ಛ ಮಾಡಿದೆ ಅಷ್ಟೇ ಎಂದು ಹೇಳಿಕೊಂಡೆ.

ಮರುದಿನ ಸಮಿತಿಯ ಮೂವರು ಬಂದರು. ಒಬ್ಬರಿಗೆ ವಿಮಾನದ ಚಿಂತೆ, ಇನ್ನೊಬ್ಬರು ಆಗಲೇ ಎರಡು ಸಲ ಚಹಾ ಕುಡಿದಿದ್ದರು, ಮೂರನೆಯವರಿಗೆ ನಿದ್ದೆ. ಹುಡುಗಿ ತನ್ನ ಒರಟು ಇಂಗ್ಲಿಷಿನಲ್ಲಿ, ಆದರೆ ಒಂದು ಮಾತೂ ತಪ್ಪದೆ, ಕಬ್ಬಿಣ ಈ ಕೆಲಸ ಮಾಡುವುದಿಲ್ಲ, ಹಳೆಯ ಬೀಡಿನಲ್ಲಿ ಉಳಿದ ಪಲ್ಲೇಡಿಯಂ ಮಾಡುತ್ತದೆ ಎಂದಳು. ಗೈಡ್ ಮುಖ ಕೆಂಪಾಯಿತು. ಚಹಾ ಕುಡಿದು ಎಚ್ಚರವಾಗಿದ್ದವರು, ತೋರಿಸು ಹಾಗಾದರೆ ಎಂದರು. ಎಲ್ಲರೂ ಲ್ಯಾಬಿಗೆ ಬಂದೆವು. ಅವಳು ಕೈ ಚಾಚಿದಳು. ನಾನು ಗಾಜಿನ ತಟ್ಟೆಯನ್ನು ಕೊಟ್ಟೆ. ತಟ್ಟೆಯ ಕಡೆ ನೋಡಿದವಳು ಒಂದು ಕ್ಷಣ ನಿಂತಳು. ಆಮೇಲೆ ಬೀಡನ್ನು ಚಿಮುಟದಲ್ಲಿ ಹಿಡಿದು ಕಬ್ಬಿಣ ಹಾಕದ ಫ್ಲಾಸ್ಕಿಗೆ ಬಿಟ್ಟಳು. ಬೇರೆ ಯಾರೂ ಅದನ್ನು ನೋಡಲಿಲ್ಲ. ಆ ಲ್ಯಾಬಿನಲ್ಲಿ ಬೀಡ್ ನೋಡುವವಳು ಅವಳೊಬ್ಬಳೇ.

ಹದಿನೈದು ನಿಮಿಷ ಬೀಡ್ ಗಿರಗಿರ ತಿರುಗಿತು. ಒಂದು ಗುಳ್ಳೆ ಬರಲಿಲ್ಲ. ನಳಿಗೆಯ ನೀರು ಇದ್ದಲ್ಲೇ ಇತ್ತು. ಇದೇ ಫ್ಲಾಸ್ಕಿಗೆ ಈಗ ಕಬ್ಬಿಣ ಹಾಕು ಎಂದು ಆ ಮೂವರಲ್ಲಿ ಒಬ್ಬರು ಹೇಳಿದ್ದರೂ, ಅದರಿಂದಲೂ ಗುಳ್ಳೆ ಬರದೆ ಐದೇ ನಿಮಿಷದಲ್ಲಿ ಎಲ್ಲ ಬಯಲಾಗುತ್ತಿತ್ತು. ಪಿಎಚ್‌ಡಿಯ ಮೊದಲ ವರ್ಷದ ಮಗುವಿಗೂ ಹೊಳೆಯಬೇಕಾದ ಪ್ರಶ್ನೆ ಅದು. ನಾನು ಆ ಮೂವರ ಬಾಯಿಯನ್ನೇ ನೋಡುತ್ತಿದ್ದೆ. ಅವಳೇ ಬಾಯಿ ತೆರೆದು, ಸರ್, ಇದಕ್ಕೆ ಐರನ್ ಹಾಕಿ ತೋರಿಸ್ತೀನಿ ಎಂದಳು. ಗೈಡ್ ಕೈ ಎತ್ತಿ, ಬಸ್, ಬಹುತ್ ಹೋ ಗಯಾ, ಸಾಕು ನಿಲ್ಲಿಸು ಎಂದರು. ವಿಮಾನದ ಚಿಂತೆಯವರು ಗಡಿಯಾರ ನೋಡಿಕೊಂಡರು. ಎಚ್ಚರವಾಗಿದ್ದವರು ನನ್ನ ಕಡೆ ತಿರುಗಿ, ಕಬ್ಬಿಣ ಹಾಕದೆ ನಿನ್ನ ಕೈಯಲ್ಲಿ ಯಾವಾಗಲಾದರೂ ಗುಳ್ಳೆ ಬಂದದ್ದಿದೆಯೇ ಎಂದು ಕೇಳಿದರು.

“ನೋ ಸರ್, ನೆವರ್ ಇನ್ ಮೈ ಹ್ಯಾಂಡ್ಸ್,” ಎಂದೆ.

ಅಕ್ಷರಕ್ಕೆ ಅಕ್ಷರ ನಿಜ. ಬಂದದ್ದು ಅವಳ ಕೈಯಲ್ಲಿ.

ಅವಳ ನೋಂದಣಿ ರದ್ದಾಯಿತು. ಗೈಡ್ ಅವಳ ಬಗ್ಗೆ, ಕೈಯೂ ಇಲ್ಲ ನಿಯತ್ತೂ ಇಲ್ಲ ಎಂದು ಊರಿಗೆಲ್ಲ ಹೇಳಿದರು. ಕೋಲೆಬಸವಗಳು ತಲೆಯಾಡಿಸಿದವು. ಹದಿನೈದು ದಿನ ಕಳೆದು ಗೈಡ್ ಯಾರೋ ಅತಿಥಿಗೆ ತೋರಿಸಲು ನನ್ನಿಂದ ಕಬ್ಬಿಣದ ಪ್ರಯೋಗ ಮಾಡಿಸಿದರು, ನಡೆಯಲಿಲ್ಲ. ಆ ಹುಡುಗಿ ಮುಟ್ಟಿದ ಮೇಲೆ ಬೀಡಿಗೆ ನಜರ್ ತಾಗಿದೆ, ದೃಷ್ಟಿಯಾಗಿದೆ ಎಂದರು. ತಮಾಷೆಗೆ ಹೇಳಿದರೆಂದು ಬೇರೆಯವರು ಅಂದುಕೊಂಡರು. ನನಗೆ ಅವರ ಮುಖ ಕಾಣುತ್ತಿತ್ತು, ಅವರು ತಮಾಷೆ ಮಾಡುತ್ತಿರಲಿಲ್ಲ. ಹಳೆಯ ಅಂಕಿಗಳಲ್ಲೇ ನನ್ನ ಥೀಸಿಸ್ ಮುಗಿಯಿತು. ಈಗ ನೋಯ್ಡಾದ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ಮಕ್ಕಳು ಡಾಕ್ಟರ್ ಮೇಡಂ ಎನ್ನುತ್ತಾರೆ.

ಅವಳು ಊರಿಗೆ ಹೊರಟ ದಿನ ನಿಜಾಮುದ್ದೀನ್ ಸ್ಟೇಷನ್ನಿಗೆ ನಾನೇ ಬಿಟ್ಟು ಬಂದೆ. ಅಮ್ಮ ಚಿತ್ರಾನ್ನ, ಒಂದು ಡಬ್ಬಿ ಮೊಸರನ್ನ ಕಟ್ಟಿಕೊಟ್ಟು, ನೀನೇ ಹೋಗಿ ಹತ್ತಿಸಿ ಬಾ ಎಂದು ಕಳಿಸಿದ್ದರು; ಇಲ್ಲದಿದ್ದರೆ ನಾನು ಹೋಗುತ್ತಿರಲಿಲ್ಲ. ಆಟೋದವನ ಜೊತೆ ಅವಳೇ ಚೌಕಾಸಿ ಮಾಡಿದಳು, ಅಷ್ಟರಲ್ಲಿ ಕಲಿತಿದ್ದಳು. ಬೋಗಿಯಲ್ಲಿ ಸಾಮಾನು ಇಟ್ಟ ಮೇಲೆ ಕಿಟಕಿಯ ಹತ್ತಿರ ಬಂದು ಚೀಲದಿಂದ ಒಂದು ಚಿಕ್ಕ ಪೆಟ್ಟಿಗೆ ತೆಗೆದಳು. ತಿಲಕ್ ಬಜಾರಿನಿಂದ ತಂದ ಬೀಡುಗಳು. ಮೂರು ಬಳಸಿದ್ದವು, ಉಳಿದವು ಹೊಸವು, ಬಳಸಿದವಕ್ಕೆ ಬೇರೆ ಕಾಗದ ಸುತ್ತಿ ಚೀಟಿ ಅಂಟಿಸಿದ್ದಳು. ಕಿಟಕಿಯ ಸರಳಿನ ನಡುವೆ ಚಾಚಿದಳು. ಬೇಡ, ನೀನೇ ಇಟ್ಟುಕೋ ಎಂದೆ. ಊರಲ್ಲಿ ಇವು ಏನು ಕೆಲಸಕ್ಕೆ ಬರುತ್ತವೆ, ನಿಮಗೆ ಬೇಕಾಗುತ್ತೆ ಎಂದಳು. ತೆಗೆದುಕೊಂಡೆ.

ಗಾಡಿ ಇನ್ನೂ ಹೊರಟಿರಲಿಲ್ಲ. ಹೊರಟುಬಿಡಲಿ ಎಂದು ನಾನು ಸಿಗ್ನಲ್ ಕಡೆ ನೋಡುತ್ತಿದ್ದೆ.

“ಅಕ್ಕ,” ಎಂದಳು, “ಅವತ್ತು ಬೀಡ್ ಬೆಳ್ಳಗಿತ್ತು.”

ಸಿಟ್ಟಿನಿಂದ ಹೇಳಲಿಲ್ಲ. ನೋಟ್‌ಬುಕ್ಕಿನಲ್ಲಿ ಕಂಡದ್ದನ್ನು ಕಂಡ ಹಾಗೆ ಬರೆಯುತ್ತಿದ್ದಳಲ್ಲ, ಹಾಗೆ ಹೇಳಿದಳು. ಕನ್ನಡ ಬಿಟ್ಟು, ಅಂಗಡಿಯ ಭಯ್ಯಾಗೆ ಹೇಳುವ ಹಾಗೆ, ಅಚ್ಛಾ ಎಂದೆ. ಅವಳು ನನ್ನ ಕೈ ಕಡೆ ನೋಡಿದಳು. ಎರಡು ಬೆರಳ ತುದಿ ಇನ್ನೂ ಹಳದಿಯಾಗಿದ್ದವು. ನೈಟ್ರಿಕ್ ಆಮ್ಲ ತಾಗಿದರೆ ಆ ಬಣ್ಣ ಚರ್ಮ ಕಳಚುವವರೆಗೆ ಹೋಗುವುದಿಲ್ಲ. ಅವನ್ನು ಪೆಟ್ಟಿಗೆಯ ಕೆಳಗೆ ಮಡಚಿಕೊಂಡು ಗಾಡಿ ಹೊರಡುವವರೆಗೆ ನಿಂತಿದ್ದೆ.